ಹಳೆಯ ಕಾರಿನ ಎಸಿ ಕಳಚುವ ಮುನ್ನ

ಎಸಿ ಇರುವ ಹಳೆಯ ಮಾರುತಿ 800ರ ಬಾನೆಟ್ ಎತ್ತಿ ನೋಡಿದವರಿಗೆ ಗೊತ್ತು, ಅಲ್ಲಿ ಕೈ ಹಾಕಲೂ ಜಾಗ ಸಾಲದು. ಮೂರು ಸಿಲಿಂಡರಿನ ಪುಟ್ಟ ಎಂಜಿನ್, ಅದಕ್ಕೆ ಅಂಟಿಕೊಂಡಂತೆ ಕಂಪ್ರೆಸರ್, ರೇಡಿಯೇಟರಿನ ಮುಂದೆ ಕಂಡೆನ್ಸರ್, ಇವುಗಳ ನಡುವೆ ಹಾದುಹೋಗುವ ಪೈಪುಗಳು. ತಂಪು ಗಾಳಿ ಬರುತ್ತಿರುವಷ್ಟು ಕಾಲ ಈ ಇಕ್ಕಟ್ಟು ಯಾರಿಗೂ ಲೆಕ್ಕಕ್ಕಿಲ್ಲ. ಎಸಿ ಕೆಟ್ಟು ನಾಲ್ಕಾರು ವರ್ಷವಾಗಿ, ಅದರ ರಿಪೇರಿಗೆ ಕೇಳುವ ದುಡ್ಡು ಗಾಡಿಯ ಬೆಲೆಯ ಹತ್ತಿರಕ್ಕೆ ಬರುತ್ತಿದೆ ಎನ್ನಿಸಿದಾಗ ಮಾಲೀಕರಿಗೆ ಯೋಚನೆ ಶುರುವಾಗುತ್ತದೆ: ಇದನ್ನು ಹೊತ್ತು ತಿರುಗುವುದೇಕೆ, ತೆಗೆಸಿಬಿಡೋಣ. ಗ್ಯಾರೇಜಿನಲ್ಲಿ ಉತ್ತರವೂ ಸಿದ್ಧವಿರುತ್ತದೆ. "ಅರ್ಧ ದಿನದ ಕೆಲಸ ಸಾರ್. ಗ್ಯಾಸ್ ಬಿಟ್ಟು ಬಿಚ್ಚಿ ಕೊಟ್ಬಿಡ್ತೀನಿ."

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಗ್ಯಾಸನ್ನು ಹಾಗೆ ಗಾಳಿಗೆ ಬಿಡಬಾರದು. ಇನ್ನೊಂದು, ಬಿಚ್ಚುವುದು ಈ ಕೆಲಸದ ಅರ್ಧ ಮಾತ್ರ. ಬಿಚ್ಚಿದ ಮೇಲೆ ಉಳಿಯುವ ತೂತು, ಬಾಯಿ ತೆರೆದ ಪೈಪು, ತುಂಡು ವೈರುಗಳನ್ನು ಸರಿಯಾಗಿ ಮುಚ್ಚುವುದು ಇನ್ನರ್ಧ. ಎಸಿ ತೆಗೆಸಿದ ಮೇಲೆ ಗಾಡಿ ಮೊದಲಿನಂತಿಲ್ಲ ಎಂದು ಗೊಣಗುವವರಲ್ಲಿ ಬಹುಪಾಲು ಜನರ ತೊಂದರೆ ಈ ಎರಡನೆಯ ಅರ್ಧದಲ್ಲೇ ಇರುತ್ತದೆ.

ಮೊದಲ ಮಾರುತಿ 800 ಕಾರು ಮಾಲೀಕರ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೇ ತುಂಬಿದ್ದ ರಸ್ತೆಗಳಲ್ಲಿ ಈ ಪುಟ್ಟ ಕಾರೇ ಒಂದು ಸುದ್ದಿ. ಅದರೊಳಗೆ ಎಸಿ ಇದ್ದರಂತೂ ಬೀದಿಯವರೆಲ್ಲ ಬಂದು ನೋಡುವಂಥದ್ದು. 796 ಸಿಸಿಯ ಎಂಜಿನ್ನಿನ ಬಲ ಹೆಚ್ಚಿನ ಮಾದರಿಗಳಲ್ಲಿ ನಲವತ್ತು ಅಶ್ವಶಕ್ತಿಯ ಒಳಗೆ. ಕಂಪ್ರೆಸರ್ ಜೋರಾಗಿ ಕೆಲಸ ಮಾಡುವಾಗ ಅದರಲ್ಲಿ ಎರಡು ಮೂರು ಅಶ್ವಶಕ್ತಿ ತಂಪಿಗೇ ಹೋಗುತ್ತದೆ. ಘಾಟಿ ಹತ್ತುವಾಗ, ಲಾರಿಯನ್ನು ಹಿಂದೆ ಹಾಕುವಾಗ ಎಸಿ ಆಫ್ ಮಾಡುವ ಅಭ್ಯಾಸ ಒಂದು ತಲೆಮಾರಿಗೇ ಕೈಗೆ ಬಂದದ್ದು ಹೀಗೆ. 2014ರ ಜನವರಿಯಲ್ಲಿ ಈ ಕಾರಿನ ತಯಾರಿಕೆ ನಿಂತಿತು. ಇಂದು ಓಡುತ್ತಿರುವ 800ಗಳಲ್ಲಿ ಅತಿ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಅದೇ ಕಾಲದ ಝೆನ್, ಓಮ್ನಿ, ಎಸ್ಟೀಮ್‌ಗಳ ಕತೆಯೂ ಹೆಚ್ಚುಕಡಿಮೆ ಇದೇ.

ಎಸಿ ಹೇಗೆ ಸಾಯುತ್ತದೆ ಎಂದು ತಿಳಿದರೆ ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂಬುದೂ ತಿಳಿಯುತ್ತದೆ. ಇದರ ಮೂಲತತ್ವ ಮಣ್ಣಿನ ಹೂಜಿಯದೇ: ದ್ರವ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಹೂಜಿಯ ನೀರು ಗಾಳಿಗೆ ಹೋಗಿಬಿಡುತ್ತದೆ. ಕಾರಿನಲ್ಲಿ ಅದೇ ಗ್ಯಾಸು ಮತ್ತೆ ಮತ್ತೆ ಸುತ್ತುತ್ತದೆ. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ ಕಳಿಸುತ್ತದೆ, ಮುಂದಿನ ಕಂಡೆನ್ಸರಿನಲ್ಲಿ ಅದು ಗಾಳಿಗೆ ಬಿಸಿ ಬಿಟ್ಟು ದ್ರವವಾಗುತ್ತದೆ, ಡ್ರೈಯರ್ ಬಾಟಲಿನಲ್ಲಿ ತೇವ ಕಳೆದುಕೊಳ್ಳುತ್ತದೆ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಂಡಿಯಲ್ಲಿ ನುಸುಳಿ ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತದೆ. ಬ್ಲೋವರ್ ಆ ತಣ್ಣನೆಯ ಕಾಯಿಲಿನ ಮೂಲಕ ಗಾಳಿಯನ್ನು ನಮ್ಮ ಮುಖಕ್ಕೆ ತಳ್ಳುತ್ತದೆ.

ಕಾಯಿಲಿನ ಮೇಲೆ ಸದಾ ನೀರು ಕೂರುವುದರಿಂದ, ಧೂಳು ಸೇರಿ ಅದು ಕೊರೆದು ತೂತಾಗುತ್ತದೆ. ಕಂಡೆನ್ಸರಿಗೆ ರಸ್ತೆಯ ಕಲ್ಲು ಬಡಿಯುತ್ತದೆ. ಕಂಪ್ರೆಸರಿನ ಶಾಫ್ಟಿನ ಸೀಲು, ಎಸಿಯನ್ನು ತಿಂಗಳುಗಟ್ಟಲೆ ಹಾಕದಿದ್ದರೆ, ಆಯಿಲ್ ಕಾಣದೆ ಒಣಗಿ ಸೋರುತ್ತದೆ. ಎಲ್ಲಕ್ಕಿಂತ ಅಪಾಯದ್ದು ಪುಲ್ಲಿಯ ಬೇರಿಂಗ್. ಎಸಿ ಸ್ವಿಚ್ ಆಫ್ ಇದ್ದರೂ ಬೆಲ್ಟು ಪುಲ್ಲಿಯನ್ನು ತಿರುಗಿಸುತ್ತಲೇ ಇರುತ್ತದೆ. ಮ್ಯಾಗ್ನೆಟಿಕ್ ಕ್ಲಚ್ ಹಿಡಿದಾಗ ಮಾತ್ರ ಕಂಪ್ರೆಸರಿನ ಒಳಭಾಗ ತಿರುಗುವುದು, ನಿಜ. ಆದರೆ ಬೇರಿಂಗಿಗೆ ರಜೆಯಿಲ್ಲ. ಹತ್ತು ವರ್ಷ ಎಸಿ ಹಾಕದ ಕಾರಿನಲ್ಲೂ ಒಂದು ದಿನ ಅದು ಕಿರುಗುಟ್ಟಿ, ಬಿಸಿಯಾಗಿ, ಹಿಡಿದುಕೊಂಡು ಬೆಲ್ಟನ್ನು ಸುಟ್ಟುಬಿಡಬಹುದು. ಅದೇ ಬೆಲ್ಟು ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವ ಗಾಡಿಯಾದರೆ ಅಲ್ಲೇ ರಸ್ತೆ ಮಧ್ಯೆ ನಿಂತಂತೆ.

ಹಾಗಾಗಿ ನನ್ನ ಮೊದಲ ಸಲಹೆ: ಎಲ್ಲವನ್ನೂ ಕೀಳುವ ಮೊದಲು ಬೆಲ್ಟನ್ನು ನೋಡಿ. ಹಳೆಯ ಗಾಡಿಗಳಲ್ಲಿ ಹಲವಕ್ಕೆ ಎಸಿಯದೇ ಪ್ರತ್ಯೇಕ ಬೆಲ್ಟು ಇರುತ್ತದೆ. ಅದೊಂದನ್ನು ತೆಗೆದರೆ ಬೇರಿಂಗಿನ ಕಾಟ ಮುಗಿಯಿತು. ಮುಂದೆಂದಾದರೂ ಮನಸ್ಸು ಬದಲಾದರೆ ಎಲ್ಲವೂ ಇದ್ದಲ್ಲೇ ಇದೆ. ಕಾರಿಗೆ ಎಸಿ ಬಂದ ಕಾಲದಲ್ಲಿ ಇದೇ ಅದರ ಸ್ವಿಚ್ಚಾಗಿತ್ತು. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಗಳಲ್ಲಿ ಕೊಟ್ಟ ಎಸಿಗೆ ಕ್ಲಚ್ ಇರಲಿಲ್ಲ. ಕಂಪ್ರೆಸರ್ ನಿಲ್ಲಿಸಬೇಕಾದರೆ ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಬೆಲ್ಟು ಕಳಚಬೇಕಿತ್ತು. ಒಂದೇ ಉದ್ದನೆಯ ಬೆಲ್ಟು ಎಲ್ಲ ಪುಲ್ಲಿಗಳನ್ನೂ ಸುತ್ತುವ ಗಾಡಿಗಳಲ್ಲಿ ಇದು ಇಷ್ಟು ಸುಲಭವಲ್ಲ. ಅಲ್ಲಿ ಕಂಪ್ರೆಸರಿನ ಜಾಗಕ್ಕೆ ಖಾಲಿ ತಿರುಗುವ ಪುಲ್ಲಿ ಬೇಕು, ಇಲ್ಲವೇ ಅದೇ ಕಾರಿನ ಎಸಿ ಇಲ್ಲದ ಮಾದರಿಯ ಗಿಡ್ಡ ಬೆಲ್ಟು ಬೇಕು. ಅಂದಾಜಿನ ಮೇಲೆ ಸಿಕ್ಕಿದ ಗಿಡ್ಡ ಬೆಲ್ಟು ಹಾಕಬೇಡಿ; ನೀರಿನ ಪಂಪಿನ ಪುಲ್ಲಿಯ ಮೇಲೆ ಅದರ ಹಿಡಿತ ಕಡಿಮೆಯಾದರೆ ಎಂಜಿನ್ ಕಾಯುತ್ತದೆ.

ಮೈಲೇಜ್ ಹೆಚ್ಚುತ್ತದೆ ಎಂಬ ಆಸೆಗೆ ತೆಗೆಸುವವರಿಗೆ ಒಂದು ಮಾತು. ಕ್ಲಚ್ ಹಿಡಿಯದ ಎಸಿ ಪೆಟ್ರೋಲ್ ತಿನ್ನುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಇಡೀ ವ್ಯವಸ್ಥೆಯ ತೂಕ ಚಿಕ್ಕ ಕಾರಿನಲ್ಲಿ ಹದಿನೈದು ಇಪ್ಪತ್ತು ಕಿಲೊ. ಅದನ್ನು ಇಳಿಸಿದ್ದು ಪೆಟ್ರೋಲ್ ಬಂಕಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ತೆಗೆಸಲು ಬೇರೆ ಒಳ್ಳೆಯ ಕಾರಣಗಳಿವೆ. ಮಣ್ಣು ಕಟ್ಟಿದ ಕಂಡೆನ್ಸರ್ ರೇಡಿಯೇಟರಿಗೆ ಗಾಳಿ ಹೋಗದಂತೆ ತಡೆದು ಎಂಜಿನ್ ಬಿಸಿಯಾಗುತ್ತಿರಬಹುದು. ಕಾಯಿಲಿನ ಪೆಟ್ಟಿಗೆಯಲ್ಲಿ ಬೂಷ್ಟು ಬೆಳೆದು ಬ್ಲೋವರ್ ಹಾಕಿದಾಗಲೆಲ್ಲ ಕಮಟು ಬರುತ್ತಿರಬಹುದು. ಎಂಜಿನ್ ಕೆಲಸಕ್ಕೆ ಜಾಗ ಬೇಕಿರಬಹುದು. ಬಿಡಿಭಾಗವೇ ಸಿಗದಿರಬಹುದು.

ಊರನ್ನೂ ನೋಡಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಏಪ್ರಿಲ್ ಮೇ ಕಳೆದರೆ, ಕಿಟಕಿ ಇಳಿಸಿಕೊಂಡು ಓಡಾಡಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿನಿಂದ ಎಸಿ ತೆಗೆಸುವುದಕ್ಕಿಂತ ಸಾಲ ಮಾಡಿಯಾದರೂ ರಿಪೇರಿ ಮಾಡಿಸುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕರಾವಳಿ ಮತ್ತು ಮಲೆನಾಡಿನವರು ಇನ್ನೊಂದನ್ನು ಯೋಚಿಸಬೇಕು. ಎಸಿ ಗಾಳಿಯನ್ನು ತಣ್ಣಗೆ ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಜುಲೈ ತಿಂಗಳಲ್ಲಿ ನಾಲ್ಕು ಜನ ಕೂತು ಚಾರ್ಮಾಡಿ ಘಾಟಿ ಹತ್ತುವಾಗ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟಿದರೆ ಅದನ್ನು ಕ್ಷಣದಲ್ಲಿ ತಿಳಿಯಾಗಿಸುವುದು ಎಸಿಯೇ. ಅದಿಲ್ಲದೆ ಹೀಟರ್, ಬ್ಲೋವರ್, ಸ್ವಲ್ಪ ಇಳಿಸಿದ ಕಿಟಕಿ, ಕೈಯಲ್ಲೊಂದು ಬಟ್ಟೆ, ಇಷ್ಟೇ ಆಸರೆ. ಇಂಥ ಮಳೆಯ ಊರುಗಳಲ್ಲಿ ಎಸಿ ತೆಗೆಸುವವರು ಹೀಟರ್ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಇಷ್ಟಾದ ಮೇಲೂ ತೆಗೆಯುವುದೇ ಸರಿ ಎಂದಾದರೆ, ಗ್ಯಾಸಿನ ವಿಷಯಕ್ಕೆ ಬರೋಣ.

ಎಸಿ ತಂಪಾಗುತ್ತಿಲ್ಲ ಎಂದ ಮಾತ್ರಕ್ಕೆ ಒಳಗೆ ಗ್ಯಾಸ್ ಇಲ್ಲ ಎಂದು ಅರ್ಥವಲ್ಲ. ಕ್ಲಚ್ ಕಾಯಿಲ್ ಸುಟ್ಟಿದ್ದರೆ, ಕಂಪ್ರೆಸರ್ ಜಾಮ್ ಆಗಿದ್ದರೆ, ಒಂದು ರಿಲೇ ಕೈಕೊಟ್ಟಿದ್ದರೂ ಎಸಿ ಸತ್ತಂತೆಯೇ ಕಾಣುತ್ತದೆ. ಗ್ಯಾಸ್ ಪೂರ್ತಿ ಒಳಗೇ ಇರುತ್ತದೆ. ಗೇಜ್ ಹಾಕಿ ನೋಡದೆ ಯಾರೂ ಇದನ್ನು ಹೇಳಲಾರರು. ಮೂವತ್ತು ಡಿಗ್ರಿಯ ದಿನ, ಎಂಜಿನ್ ನಿಂತಿರುವಾಗಲೂ, ದ್ರವರೂಪದಲ್ಲಿ ಗ್ಯಾಸ್ ಉಳಿದಿರುವ ಎಸಿಯಲ್ಲಿ ಚದರ ಇಂಚಿಗೆ 95 ಪೌಂಡಿನ ಆಸುಪಾಸು ಒತ್ತಡ ಇರುತ್ತದೆ. ಕಾರಿನ ಟೈರಿನ ಗಾಳಿಯ ಮೂರು ಪಟ್ಟು. ಆ ಪೈಪಿನ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿದರೆ ನುಗ್ಗಿ ಬರುವ ದ್ರವ ಮೈನಸ್ 26 ಡಿಗ್ರಿಯಲ್ಲಿ ಕುದಿಯುವಂಥದ್ದು; ಬೆರಳಿಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಯೇ ಹೋಗಬಹುದು. ಗಾಳಿಗಿಂತ ಭಾರವಾದ ಗ್ಯಾಸಾದ್ದರಿಂದ ಗ್ಯಾರೇಜಿನ ಗುಂಡಿಯಲ್ಲಿ ತುಂಬಿಕೊಂಡು ಉಸಿರಾಟದ ಗಾಳಿಯನ್ನೇ ಹೊರದೂಡುತ್ತದೆ.

ಈ ಗ್ಯಾಸ್ ಯಾವುದು ಎಂಬುದು ಗಾಡಿಯ ವಯಸ್ಸಿನ ಮೇಲೆ ನಿಂತಿದೆ. ಎಂಬತ್ತು, ತೊಂಬತ್ತರ ದಶಕದ ಗಾಡಿಗಳಲ್ಲಿ ತುಂಬುತ್ತಿದ್ದದ್ದು ಆರ್-12, ಅಂದರೆ ಕ್ಲೋರೋಫ್ಲೋರೋಕಾರ್ಬನ್ ಕುಟುಂಬದ್ದು. ಆ ಕುಟುಂಬವನ್ನು ಫ್ರಿಜ್ಜಿನೊಳಗೆ ತಂದವರು ಅಮೆರಿಕದ ಥಾಮಸ್ ಮಿಡ್‌ಗ್ಲಿ. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದವರೂ ಅವರೇ. ಉರಿಯದ, ವಿಷವಲ್ಲದ, ವಾಸನೆಯಿಲ್ಲದ ಈ ಗ್ಯಾಸು ಆ ಕಾಲಕ್ಕೆ ವರವಾಗಿತ್ತು. ಅದಕ್ಕೆ ಮೊದಲು ಫ್ರಿಜ್ಜುಗಳಲ್ಲಿದ್ದ ಅಮೋನಿಯ, ಸಲ್ಫರ್ ಡೈಆಕ್ಸೈಡ್ ಸೋರಿದರೆ ಪ್ರಾಣಕ್ಕೇ ಕುತ್ತಿತ್ತು. 1974ರಲ್ಲಿ ಮಾರಿಯೊ ಮೊಲಿನ ಮತ್ತು ಶೆರ್ವುಡ್ ರೌಲಂಡ್ ಇದರ ಇನ್ನೊಂದು ಮುಖ ತೋರಿಸಿದರು. ಕೆಳಗೆ ಯಾವುದರೊಂದಿಗೂ ಬೆರೆಯದ ಈ ಅನಿಲ ನಿಧಾನವಾಗಿ ಮೇಲೇರಿ, ಅಲ್ಲಿ ಸೂರ್ಯನ ನೇರಳಾತೀತ ಕಿರಣಕ್ಕೆ ಸಿಕ್ಕಿ ಒಡೆದು ಕ್ಲೋರಿನ್ ಬಿಡುತ್ತದೆ; ಆ ಕ್ಲೋರಿನ್ ಓಜೋನನ್ನು ಒಂದರ ಹಿಂದೊಂದರಂತೆ ಒಡೆಯುತ್ತ ಹೋಗುತ್ತದೆ. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ತೆಳುವಾಗಿರುವುದು ಪ್ರಕಟವಾಯಿತು. 1987ರಲ್ಲಿ ಇಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಬಂತು, 1992ರಲ್ಲಿ ಭಾರತ ಅದಕ್ಕೆ ಸೇರಿತು, 2000ದಲ್ಲಿ ನಮ್ಮಲ್ಲಿ ಓಜೋನ್ ನಾಶಕಗಳ ನಿಯಂತ್ರಣ ನಿಯಮಗಳು ಜಾರಿಯಾದವು. ಮೊಲಿನ, ರೌಲಂಡ್ ಅವರಿಗೆ ಪಾಲ್ ಕ್ರುಟ್ಜೆನ್ ಜೊತೆ 1995ರ ರಸಾಯನವಿಜ್ಞಾನದ ನೊಬೆಲ್ ಸಂದಿತು. ಹೊಸ ಕಾರುಗಳು ಆರ್-134ಎಗೆ ಹೊರಳಿದವು.

ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಓಜೋನಿಗೆ ಅದು ಏನೂ ಮಾಡದು. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೊ ಆರ್-134ಎ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 1,400 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-12 ಆದರೆ ಹತ್ತು ಸಾವಿರ ಕಿಲೊಗೂ ಮೇಲೆ. ಚಿಕ್ಕ ಕಾರಿನಲ್ಲಿ ಅರ್ಧ ಕಿಲೊ ಗ್ಯಾಸ್ ಇದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೊ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 16 ಕಿ.ಮೀ. ಕೊಡುವ ಕಾರಿಗೆ ಲೆಕ್ಕ ಹಾಕಿದರೆ, ಆ ಅರ್ಧ ಕಿಲೊ ಆರ್-134ಎಯನ್ನು ಗಾಳಿಗೆ ಬಿಡುವುದು ಸುಮಾರು 5,000 ಕಿ.ಮೀ. ಓಡಿಸಿದಷ್ಟು ಹೊರೆ. ಆರ್-12 ಆದರೆ 35,000 ಕಿ.ಮೀ.ಗೂ ಹೆಚ್ಚು, ಭೂಮಿಗೆ ಒಂದು ಸುತ್ತು ಬರಲು ಸ್ವಲ್ಪವೇ ಕಡಿಮೆ. ಒಂದು ನಟ್ಟು ಸಡಿಲಿಸಿ ಅರ್ಧ ನಿಮಿಷದಲ್ಲಿ ಮುಗಿಸುವ ಕೆಲಸದ ಬೆಲೆ ಇದು. ಹಳೆಯ ಕಾರನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವವರಲ್ಲಿ ನಾನು ಕಾಣುವ ಪ್ರೀತಿ ದೊಡ್ಡದು. ಆ ಪ್ರೀತಿಯಲ್ಲಿ ಈ ಲೆಕ್ಕಕ್ಕೂ ಜಾಗ ಇರಬೇಕು.

ಗ್ಯಾಸನ್ನು ಹಿಡಿಯುವ ಯಂತ್ರ ಇದೆ. ರಿಕವರಿ ಮಷಿನ್ ಎನ್ನುತ್ತಾರೆ. ಅದು ಎಸಿಯೊಳಗಿನ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುತ್ತದೆ. ಒಮ್ಮೆ ಎಳೆದ ಮೇಲೆ ಹತ್ತು ನಿಮಿಷ ಬಿಟ್ಟು ಗೇಜ್ ನೋಡಬೇಕು. ಕಂಪ್ರೆಸರಿನ ಆಯಿಲಿನಲ್ಲಿ ಕರಗಿದ್ದ ಗ್ಯಾಸು ಹೊರಬಂದು ಮುಳ್ಳು ಮತ್ತೆ ಏರುತ್ತದೆ, ಮತ್ತೊಮ್ಮೆ ಎಳೆಯಬೇಕು. ದೊಡ್ಡ ವರ್ಕ್‌ಶಾಪುಗಳಲ್ಲಿ, ಕಾರ್ ಎಸಿಯನ್ನೇ ಮಾಡುವ ಅಂಗಡಿಗಳಲ್ಲಿ ಈ ಯಂತ್ರ ಇದೆಯೇ ಎಂದು ಕೇಳಿ. ನಿಮ್ಮ ನಂಬಿಕೆಯ ಮೆಕ್ಯಾನಿಕ್ ಬಳಿ ಇಲ್ಲದಿದ್ದರೂ ಚಿಂತೆಯಿಲ್ಲ. ಎಸಿ ಕೆಟ್ಟ ಕಾರು ಓಡುತ್ತದಲ್ಲ, ಯಂತ್ರ ಇರುವಲ್ಲಿ ಗ್ಯಾಸ್ ತೆಗೆಸಿಕೊಂಡು ಬಂದು, ಬಿಚ್ಚುವ ಕೆಲಸವನ್ನು ನಿಮ್ಮವರ ಕೈಗೇ ಕೊಡಿ. ಹೋಗುವ ಮುನ್ನ ಯಾವ ಗ್ಯಾಸ್ ಎಂದು ತಿಳಿದಿರಲಿ. ಬಾನೆಟ್ಟಿನ ಕೆಳಗೆ ಚೀಟಿ ಅಂಟಿಸಿರುತ್ತಾರೆ. ಅದು ಹರಿದಿದ್ದರೆ ಗ್ಯಾಸ್ ತುಂಬುವ ಮೂತಿ ನೋಡಿ. ಆರ್-12ರದ್ದಕ್ಕೆ ಹೊರಗೆ ತಿರುಪಿನ ಮರೆ ಇರುತ್ತದೆ, ಆರ್-134ಎಯದ್ದು ನುಣುಪಾದ, ಒತ್ತಿದರೆ ಕಚ್ಚಿಕೊಳ್ಳುವಂಥದ್ದು. ಹಲವು ಕೈ ಬದಲಾದ ಗಾಡಿಯಲ್ಲಿ ಇನ್ನೇನೋ ಮಿಶ್ರಣ, ಉರಿಯುವ ಹೈಡ್ರೋಕಾರ್ಬನ್ ಕೂಡ, ತುಂಬಿರಬಹುದು. ಅನುಮಾನವಿದ್ದರೆ ಮೊದಲೇ ಹೇಳಿ. ಒಂದು ಸಿಲಿಂಡರಿನ ಒಳ್ಳೆಯ ಗ್ಯಾಸೆಲ್ಲ ಅದರಿಂದ ಹಾಳಾಗಬಾರದು, ಯಾರ ಕೈಯೂ ಸುಡಬಾರದು.

ಗ್ಯಾಸ್ ಹೋದ ಮೇಲೆ ಉಳಿದದ್ದು ನಟ್ಟು ಬೋಲ್ಟಿನ ಕೆಲಸ. ಬ್ಯಾಟರಿಯ ನೆಗೆಟಿವ್ ಕಳಚಿ, ಬೆಲ್ಟು ಸಡಿಲಿಸಿ, ಪೈಪುಗಳನ್ನು ಬಿಚ್ಚಿ, ಕಂಪ್ರೆಸರ್ ಇಳಿಸುವುದು. ಇಲ್ಲಿ ಗಮನ ಬೇಕಾದದ್ದು ಬ್ರಾಕೆಟ್. ಕೆಲವು ಎಂಜಿನ್‌ಗಳಲ್ಲಿ ಕಂಪ್ರೆಸರಿನ ಬ್ರಾಕೆಟ್ಟಿನ ಬೋಲ್ಟೇ ಆಲ್ಟರ್ನೇಟರನ್ನೂ ಹಿಡಿದಿರುತ್ತದೆ. ಬ್ರಾಕೆಟ್ ತೆಗೆದು ಅದೇ ಉದ್ದನೆಯ ಬೋಲ್ಟನ್ನು ಬಿಗಿದರೆ ಅದು ತಳ ಮುಟ್ಟಿ ನಿಲ್ಲುತ್ತದೆ, ಹಿಡಿತ ಇರುವುದಿಲ್ಲ. ದಪ್ಪ ವಾಷರ್ ಅಥವಾ ಗಿಡ್ಡ ಬೋಲ್ಟು ಹಾಕಬೇಕು. ಕಂಡೆನ್ಸರ್ ಇಳಿಸುವಾಗ ಅದರ ಚೂಪು ರೆಕ್ಕೆಗಳು ರೇಡಿಯೇಟರಿಗೆ ತಾಗದಂತೆ ನಡುವೆ ಒಂದು ರಟ್ಟು ಇಟ್ಟರೆ ಸಾಕು. ಕಂಡೆನ್ಸರಿನ ಫ್ಯಾನ್ ತೆಗೆಯುವ ಮುನ್ನ ರೇಡಿಯೇಟರಿಗೆ ತನ್ನದೇ ಫ್ಯಾನ್ ಇದೆಯೇ, ಎಂಜಿನ್ ಕಾದಾಗ ಅದು ತಾನಾಗಿ ತಿರುಗುತ್ತದೆಯೇ ಎಂದು ನೋಡಿಕೊಳ್ಳಲೇಬೇಕು. ಎರಡೂ ಫ್ಯಾನ್ ಸೇರಿ ರೇಡಿಯೇಟರನ್ನು ತಣಿಸುವ ಗಾಡಿಗಳೂ ಇವೆ.

ಇನ್ನು ಮುಚ್ಚುವ ಕೆಲಸ. ಕಾರ್ಬೊರೇಟರ್ ಇರುವ ಗಾಡಿಗಳಲ್ಲಿ, ಎಸಿ ಹಾಕಿದಾಗ ಎಂಜಿನ್ ನಿಂತುಹೋಗದಂತೆ ಐಡ್ಲಿಂಗ್ ಏರಿಸಲು ವ್ಯಾಕ್ಯೂಮಿನಿಂದ ಕೆಲಸ ಮಾಡುವ ಪುಟ್ಟ ಸಾಧನ ಇರುತ್ತದೆ. ಅದನ್ನು ಕಿತ್ತು ರಬ್ಬರ್ ಪೈಪಿನ ಬಾಯಿ ಹಾಗೇ ಬಿಟ್ಟರೆ ಅಲ್ಲಿಂದ ಗಾಳಿ ಎಳೆದು ಎಂಜಿನ್ ನಡುಗುತ್ತದೆ, ಸಿಗ್ನಲಿನಲ್ಲಿ ಆಫ್ ಆಗುತ್ತದೆ. ಎಸಿ ತೆಗೆಸಿದ್ದಕ್ಕೂ ಎಂಜಿನ್ ನಡುಗುವುದಕ್ಕೂ ಸಂಬಂಧ ಕಾಣದೆ ಜನ ಕಾರ್ಬೊರೇಟರ್ ಸರ್ವಿಸಿಗೆ ದುಡ್ಡು ಸುರಿಯುತ್ತಾರೆ. ಹತ್ತು ರೂಪಾಯಿಯ ರಬ್ಬರ್ ಕ್ಯಾಪು ಸಾಕಿತ್ತು. ಕಾರ್ಬೊರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರುವ ಎಂಪಿಎಫ್ಐ ಗಾಡಿಗಳಲ್ಲಿ ಎಂಜಿನ್ನಿನ ಕಂಪ್ಯೂಟರಿಗೆ ಹೋಗುವ ಎಸಿಯ ವೈರುಗಳನ್ನು ಕತ್ತರಿಸದೆ, ಕನೆಕ್ಟರ್ ಬಿಡಿಸಿ, ಸುತ್ತಿ, ಕಟ್ಟಿಡುವುದು ಒಳ್ಳೆಯದು. ಎಸಿಯ ಫ್ಯೂಸ್ ತೆಗೆದರೆ ಬ್ಲೋವರ್ ಕೂಡ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ.

ಒಳಗಿನ ಕಾಯಿಲ್ ಪೆಟ್ಟಿಗೆ ಇನ್ನೂ ಸೂಕ್ಷ್ಮ. ಅದು ಬ್ಲೋವರಿಗೂ ಹೀಟರಿಗೂ ನಡುವಿನ ದಾರಿ. ಪೆಟ್ಟಿಗೆಯನ್ನೇ ತೆಗೆದರೆ ಬ್ಲೋವರಿನ ಗಾಳಿ ಡ್ಯಾಶ್‌ಬೋರ್ಡಿನ ಹಿಂದೆಯೇ ಚದುರಿಹೋಗಿ ಮುಂದಿನ ಗಾಜಿಗೆ ತಲುಪುವುದಿಲ್ಲ. ಎಸಿ ಇಲ್ಲದ ಮಾದರಿಯಲ್ಲಿ ಆ ಜಾಗಕ್ಕೆ ಒಂದು ಪ್ಲಾಸ್ಟಿಕ್ ಕೊಳವೆ ಬರುತ್ತಿತ್ತು. ಬೆಂಗಳೂರಿನವರು ಅದನ್ನು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿ ಅಂಗಡಿಗಳಲ್ಲೋ ಹುಡುಕಬಹುದು. ಸಿಗದಿದ್ದರೆ ಒಳಗಿನ ಕಾಯಿಲನ್ನು ಮಾತ್ರ ಎಳೆದು, ಪೆಟ್ಟಿಗೆಯನ್ನು ತೊಳೆದು ಅಲ್ಲೇ ಬಿಡುವುದು ಜಾಣತನ. ಪೈಪುಗಳು ಹಾದುಹೋಗುತ್ತಿದ್ದ ತೂತುಗಳು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಲ್ಲಿ ಉಳಿಯುತ್ತವೆ. ಅವನ್ನು ಬಟ್ಟೆ ತುರುಕಿ, ಟೇಪು ಅಂಟಿಸಿ ಬಿಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಸೈಲೆನ್ಸರ್ ಎಲ್ಲೋ ಸೋರುತ್ತಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಆ ತೂತಿನಿಂದ, ಮಕ್ಕಳು ಮಲಗಿರುವ ಹಿಂದಿನ ಸೀಟಿನವರೆಗೂ ಬರುತ್ತದೆ. ಮಳೆನೀರು, ಇಲಿ ಎರಡಕ್ಕೂ ಅದೇ ಬಾಗಿಲು. ತಗಡಿನ ತುಂಡಿಗೆ ಸೀಲಂಟ್ ಹಚ್ಚಿ ಸ್ಕ್ರೂ ಹಾಕಿ, ಅಥವಾ ಅಳತೆಯ ಕುರುಡು ಗ್ರೊಮೆಟ್ ಕೂರಿಸಿ. ಆಮೇಲೆ ಒಬ್ಬರು ಹೊರಗಿನಿಂದ ಪೈಪಿನಲ್ಲಿ ಗಾಜಿನ ಬುಡಕ್ಕೆ ನೀರು ಬಿಡಲಿ, ಇನ್ನೊಬ್ಬರು ಒಳಗೆ ಕಾಲಿಡುವ ಜಾಗದಲ್ಲಿ ಟಾರ್ಚ್ ಹಿಡಿದು ನೋಡಲಿ.

ಇಳಿಸಿದ ಸಾಮಾನುಗಳಲ್ಲಿ ಡ್ರೈಯರ್ ಬಾಟಲನ್ನು ಯಾರೂ ಮತ್ತೆ ಬಳಸಲಾಗದು. ಬಾಯಿ ತೆರೆದ ಕೂಡಲೇ ಅದು ಗಾಳಿಯ ತೇವ ಕುಡಿದುಬಿಡುತ್ತದೆ. ಕಂಪ್ರೆಸರ್ ಚೆನ್ನಾಗಿದ್ದರೆ ಅದರ ಎರಡೂ ಬಾಯಿಗೆ ಕ್ಯಾಪ್ ಹಾಕಿ ಇಡಿ, ಅದೇ ಮಾದರಿಯ ಗಾಡಿ ಇಟ್ಟುಕೊಂಡ ಇನ್ನೊಬ್ಬರಿಗೆ ಅದು ಬೇಕಾಗುತ್ತದೆ. ಕೆಟ್ಟಿದ್ದರೆ ಆಯಿಲನ್ನು ಚರಂಡಿಗೆ ಚೆಲ್ಲದೆ ಬೇರೆ ಡಬ್ಬಿಗೆ ಸುರಿದು, ಹಳೆಯ ಎಂಜಿನ್ ಆಯಿಲ್ ತೆಗೆದುಕೊಳ್ಳುವವರಿಗೆ ಏನೆಂದು ಹೇಳಿ ಕೊಡಿ. ಕಂಡೆನ್ಸರ್, ಕಾಯಿಲುಗಳ ಅಲ್ಯುಮಿನಿಯಮ್ಮಿಗೆ ಗುಜರಿಯವರು ತೂಕದ ಮೇಲೆ ದುಡ್ಡು ಕೊಡುತ್ತಾರೆ. ಅಲ್ಲಿ ಅದನ್ನು ಒಡೆಯುವ ಹುಡುಗನಿಗೆ ಒಳಗೇನಿತ್ತು ಎಂದು ಗೊತ್ತಿರುವುದಿಲ್ಲ. ಗ್ಯಾಸ್ ಉಳಿದ ಭಾಗಕ್ಕೆ ಅವನು ಗ್ಯಾಸ್ ಕಟರ್ ಹಿಡಿದರೆ, ತಣ್ಣಗಿದ್ದಾಗ ಸಾಧುವಾಗಿದ್ದ ಆರ್-12 ಜ್ವಾಲೆಯ ಬಿಸಿಗೆ ಒಡೆದು ಫಾಸ್ಜೀನ್ ಸೇರಿದಂತೆ ಹಲವು ವಿಷಾನಿಲಗಳಾಗುತ್ತದೆ. ಆರ್-134ಎ ಆದರೆ ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್. ಅದಕ್ಕೇ ಗ್ಯಾಸ್ ತೆಗೆಸಿದ ಮೇಲೆ ಕಂಪ್ರೆಸರಿನ ಮೇಲೆ, ಕಂಡೆನ್ಸರಿನ ಮೇಲೆ, ಪೇಂಟ್ ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ 'ಗ್ಯಾಸ್ ಖಾಲಿ' ಎಂದು ಬರೆದು, ಪಕ್ಕದಲ್ಲಿ ತಾರೀಖು ಹಾಕಿ ಕೊಡಿ.